ಒಳಗಿಟ್ಟದ್ದರ ಲೆಕ್ಕ ನಮ್ಮ ಕೈಯಲ್ಲಿರಲಿ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗಲೂ ಧೈರ್ಯಗೆಡದ ನೀವು, ಎದೆಯ ಚರ್ಮದ ಕೆಳಗೆ ಪೋರ್ಟ್ ಕೂರಿಸಬೇಕು ಎಂದು ಡಾಕ್ಟರು ಹೇಳಿದ ರಾತ್ರಿ ಕಣ್ಣು ಮುಚ್ಚಲಿಲ್ಲ ಎಂದು ಬರೆದಿದ್ದೀರಿ. ಕಾಯಿಲೆಯೇ ಸಾಲದೆಂದು ಮೈಯೊಳಗೆ ಒಂದು ಯಂತ್ರ ಬೇರೆ ಯಾಕೆ ಎಂದು ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ ಅದು. ಎರಡು ಸಾಲಿನ ಸಮಾಧಾನ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ನಿಧಾನವಾಗಿ ಕೂತು ಬರೆಯುತ್ತಿದ್ದೇನೆ, ನೀವೂ ನಿಧಾನವಾಗಿ ಓದಿ, ಆಮೇಲೆ ಅಕ್ಕನಿಗೂ ಓದಿ ಹೇಳಿ.

ಮೊದಲು ಪೋರ್ಟ್ ಎಂದರೇನು ಎಂದು ನೋಡೋಣ. ಅದಕ್ಕೆ ಬ್ಯಾಟರಿಯಿಲ್ಲ, ಮೋಟಾರ್ ಇಲ್ಲ. ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ, ಟೈಟೇನಿಯಂ ಅಥವಾ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ. ಮೇಲ್ಗಡೆ ದಪ್ಪನೆಯ ಸಿಲಿಕೋನ್ ಪೊರೆ, ಪಕ್ಕದಿಂದ ಹೊರಟ ಒಂದು ತೆಳ್ಳಗಿನ ಕೊಳವೆ. ಡಬ್ಬಿ ಕಾಲರ್ ಬೋನಿನ ಕೆಳಗೆ, ಚರ್ಮದಡಿ ಕೂರುತ್ತದೆ. ಕೊಳವೆ ಕತ್ತಿನ ಅಥವಾ ಎದೆಯ ರಕ್ತನಾಳವೊಂದರ ಮೂಲಕ ಒಳಹೊಕ್ಕು, ಹೃದಯದ ಹೊಸ್ತಿಲಲ್ಲಿರುವ ದೊಡ್ಡ ರಕ್ತನಾಳದಲ್ಲಿ ಕೊನೆಯಾಗುತ್ತದೆ. ಹೊರಗೆ ಏನೂ ನೇತಾಡುವುದಿಲ್ಲ. ಸಾಮಾನ್ಯವಾಗಿ ಆ ಜಾಗವನ್ನಷ್ಟೇ ಮರಗಟ್ಟಿಸಿ ಇದನ್ನು ಕೂರಿಸುತ್ತಾರೆ. ಅಷ್ಟಕ್ಕೆ ಒಂದು ಗಂಟೆಯೂ ಬೇಕಾಗದಿರಬಹುದು. ಸ್ತನ ಕ್ಯಾನ್ಸರ್ ಆದವರಿಗೆ ಹೆಚ್ಚಾಗಿ ಕಾಯಿಲೆ ಇಲ್ಲದ ಬದಿಗೇ ಇಡುತ್ತಾರೆ.

ಇದು ಯಾಕೆ ಬೇಕು? ಆಸ್ಪತ್ರೆಯಲ್ಲಿ "ನರ ಸಿಗ್ತಿಲ್ಲ" ಎಂದು ಸಿಸ್ಟರು ಮತ್ತೆ ಮತ್ತೆ ಚುಚ್ಚುವುದನ್ನು ನಾವೆಲ್ಲ ಕಂಡವರೇ. ಕೀಮೋದಲ್ಲಿ ಆ ಕಷ್ಟ ಇನ್ನೂ ಹೆಚ್ಚು. ಸ್ತನ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಡಾಕ್ಸೋರುಬಿಸಿನ್‌ನಂಥ ಔಷಧ ಕೈಯ ಸಣ್ಣ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಟ್ಟುಬಿಡುತ್ತದೆ. ಸೋರದೇ ಇದ್ದರೂ, ತಿಂಗಳುಗಟ್ಟಲೆ ಕೀಮೋ ಹೋದ ರಕ್ತನಾಳ ಗಟ್ಟಿಯಾಗಿ ಮುಚ್ಚಿಕೊಳ್ಳಬಹುದು. ಹೃದಯದ ಬಳಿಯ ದೊಡ್ಡ ನಾಳದಲ್ಲಿ ರಕ್ತ ರಭಸದಿಂದ ಹರಿಯುವುದರಿಂದ ಔಷಧ ಕೂಡಲೇ ತಿಳಿಯಾಗಿ ಮುಂದೆ ಸಾಗುತ್ತದೆ. ಇಡೀ ಸಾಧನವನ್ನು ಚರ್ಮದ ಕೆಳಗೇ ಇಡುವ ಈ ಪದ್ಧತಿಯನ್ನು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ನೀಡರ್‌ಹ್ಯೂಬರ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ನಾಲ್ಕು ದಶಕ ಕಳೆದ ಮೇಲೂ ಅದರ ಮೂಲ ರೂಪ ಹೆಚ್ಚು ಬದಲಾಗಿಲ್ಲ.

ನನ್ನ ಚಿಕ್ಕಮ್ಮನಿಗೆ ಪೋರ್ಟ್ ಇತ್ತು. ಡೇ ಕೇರ್ ವಾರ್ಡಿನಲ್ಲಿ ಅವಳ ಪಕ್ಕ ಕೂತು ನೋಡಿದ್ದನ್ನು ಹೇಳುತ್ತೇನೆ. ಸಿಸ್ಟರು ಕೈಗವಸು ಹಾಕಿ, ಚರ್ಮವನ್ನು ಒರೆಸಿ, ಅದು ಪೂರ್ತಿ ಒಣಗುವವರೆಗೆ ಕಾಯುತ್ತಿದ್ದರು. ಮೂರು ಬೆರಳಲ್ಲಿ ಡಬ್ಬಿಯ ಅಂಚನ್ನು ತಡವಿ, ಅಲುಗದಂತೆ ಹಿಡಿದು, "ಉಸಿರು ಎಳ್ಕೊಳಿ ಅಮ್ಮ" ಎನ್ನುತ್ತಲೇ ನೇರವಾಗಿ ಸೂಜಿ ಇಳಿಸುತ್ತಿದ್ದರು. ತಳಕ್ಕೆ ತಾಗಿದ್ದು ಅವರ ಕೈಗೆ ಗೊತ್ತಾಗುತ್ತಿತ್ತು. ಆಮೇಲೆ ಸಿರಿಂಜನ್ನು ಹಿಂದಕ್ಕೆ ಎಳೆದು, ರಕ್ತ ಬಂತೆಂದು ಕಣ್ಣಾರೆ ನೋಡಿಯೇ ಔಷಧ ಜೋಡಿಸುತ್ತಿದ್ದರು. ಆ ಸೂಜಿಗೆ ಹ್ಯೂಬರ್ ಸೂಜಿ ಎನ್ನುತ್ತಾರೆ. ಅದರ ತುದಿ ಬಾಗಿರುವುದರಿಂದ ಪೊರೆಯ ಚೂರನ್ನು ಕೊರೆದು ತೆಗೆಯುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಸೂಜಿ ತೆಗೆದೊಡನೆ ಪೊರೆ ತಾನಾಗಿ ಕೂಡಿಕೊಳ್ಳುತ್ತದೆ. ಸಾವಿರ ಸಲ ಚುಚ್ಚಿದರೂ ತಾಳುವಂತೆ ಅದನ್ನು ಮಾಡಿರುತ್ತಾರೆ. ಮಾಮೂಲಿ ಸೂಜಿಯಲ್ಲಿ ಚುಚ್ಚಿದರೆ ಅದು ಕೆಡುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ಅವಸರಕ್ಕೆ ಯಾರಾದರೂ ಪೋರ್ಟಿಗೆ ಕೈ ಹಾಕಲು ಬಂದರೆ, "ಹ್ಯೂಬರ್ ಸೂಜಿ ಇದೆಯಾ?" ಎಂದು ಅಕ್ಕ ಸಂಕೋಚವಿಲ್ಲದೆ ಕೇಳಬೇಕು.

ಮೈಯೊಳಗೇ ಔಷಧದ ದಾರಿಯನ್ನೋ ದಾಸ್ತಾನನ್ನೋ ಇಡುವ ಯೋಚನೆ ಕ್ಯಾನ್ಸರಿಗಷ್ಟೇ ಸೀಮಿತವಲ್ಲ. ನುಂಗಿದ ಮಾತ್ರೆ ಹೊಟ್ಟೆ, ಕರುಳು, ಪಿತ್ತಜನಕಾಂಗ ದಾಟಿ, ಮೈತುಂಬ ಹರಡಿ, ಕೊನೆಗೆ ಬೇಕಾದಲ್ಲಿಗೆ ಒಂದಿಷ್ಟು ತಲುಪುತ್ತದೆ. ತಲುಪಬಾರದ ಕಡೆಯೂ ತಲುಪುತ್ತದೆ. ತಾಳಲಾಗದ ನೋವಿರುವವರಿಗೆ ಹೊಟ್ಟೆಯ ಚರ್ಮದಡಿ ಒಂದು ಪಂಪ್ ಇಟ್ಟು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಮಾರ್ಫಿನ್ ಹನಿಸಿದರೆ, ಬಾಯಿಂದ ಕೊಡುವುದರ ಸುಮಾರು 300ರಲ್ಲಿ ಒಂದು ಪಾಲು ಸಾಕಾಗುತ್ತದೆ ಎಂಬುದು ವೈದ್ಯರ ರೂಢಿಯ ಲೆಕ್ಕ. ಔಷಧದ ಜಾಗ ಬದಲಾದರೆ ಅದರ ಪ್ರಮಾಣವೂ ಎಷ್ಟು ಇಳಿಯುತ್ತದೆ ನೋಡಿ.

ಇಂಥ ಪಂಪುಗಳಲ್ಲಿ ಮೊದಮೊದಲಿನದನ್ನು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಪೆರಿ ಬ್ಲ್ಯಾಕ್‌ಶಿಯರ್, ಹೆನ್ರಿ ಬುಕ್ವಾಲ್ಡ್ ಮತ್ತಿತರರು ರೂಪಿಸಿದರು. ಅದಕ್ಕೆ ಬ್ಯಾಟರಿಯೇ ಇರಲಿಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಲೋಹದ ಬಿಲ್ಲೆಯೊಳಗೆ ಎರಡು ಕೋಣೆ, ನಡುವೆ ಹಿಗ್ಗಿ ಕುಗ್ಗುವ ಗೋಡೆ. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಮೈಯ ಬಿಸಿಗೇ ಆವಿಯಾಗುವ ದ್ರವ. ಆವಿಯ ಒತ್ತಡ ಔಷಧವನ್ನು ಸಣ್ಣ ಕೊಳವೆಯ ಮೂಲಕ ಹೊರದೂಡುತ್ತದೆ. ಖಾಲಿಯಾದಾಗ ಚರ್ಮದ ಮೇಲಿಂದ ಸೂಜಿ ಹಾಕಿ ಔಷಧ ತುಂಬಿದರೆ, ಆ ಒತ್ತಡಕ್ಕೇ ಆವಿ ಮರಳಿ ದ್ರವವಾಗುತ್ತದೆ. ಪಂಪ್ ಮತ್ತೆ ಸಿದ್ಧ. ಅದನ್ನು ನಡೆಸುವುದು ರೋಗಿಯ ಮೈಯ ಕಾವೇ.

ಇನ್ನೊಂದು ದಾರಿ ತೆರೆದದ್ದು ಸಿಲಿಕೋನ್ ರಬ್ಬರು. ಕೆಲವು ಔಷಧಗಳು ಈ ರಬ್ಬರಿನ ಗೋಡೆಯ ಮೂಲಕ ಸಣ್ಣಗೆ, ಒಂದೇ ಹದದಲ್ಲಿ ಜಿನುಗುತ್ತವೆ ಎಂದು ಸಂಶೋಧಕರಾದ ಜುಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್ 1964ರಲ್ಲಿ ಬರೆದರು. ದೊಡ್ಡ ಅಣುಗಳನ್ನೂ ಹೀಗೆ ಪಾಲಿಮರಿನಿಂದ ನಿಧಾನವಾಗಿ ಹೊರಬಿಡಬಹುದು ಎಂದು 1976ರಲ್ಲಿ ಫೋಕ್‌ಮನ್ ಜೊತೆ ಸೇರಿ ತೋರಿಸಿದವರು ರಾಬರ್ಟ್ ಲ್ಯಾಂಗರ್. ಆ ಹಾದಿಯಲ್ಲೇ ಬಂದದ್ದು, ಮೆದುಳಿನ ಗಡ್ಡೆ ತೆಗೆದ ಜಾಗದಲ್ಲಿ ಸರ್ಜನ್ನರು ಇಟ್ಟುಬರುವ ತೆಳು ಬಿಲ್ಲೆಗಳು. ಕ್ಯಾನ್ಸರಿನ ಔಷಧವನ್ನು ಅವು ಅಲ್ಲೇ ಬಿಡುತ್ತ, ಕರಗಿಹೋಗುತ್ತವೆ. 1996ರಲ್ಲಿ ಅಮೆರಿಕದಲ್ಲಿ ಇವಕ್ಕೆ ಒಪ್ಪಿಗೆ ಸಿಕ್ಕಿತು. ಬದುಕಿಗೆ ಸೇರಿದ್ದು ಕೆಲವೇ ತಿಂಗಳು ನಿಜ, ಆದರೆ ಆ ಮನೆಗಳಲ್ಲಿ ತಿಂಗಳು ಎಂದರೆ ಸಣ್ಣದಲ್ಲ. ನಿಮ್ಮ ನೆಂಟರಿಷ್ಟರಲ್ಲಿ ಯಾರಿಗಾದರೂ ಹೃದಯಕ್ಕೆ ಸ್ಟೆಂಟ್ ಹಾಕಿರಬಹುದು. ಈಗ ಹಾಕುವ ಬಹುಪಾಲು ಸ್ಟೆಂಟುಗಳಿಗೂ ಔಷಧದ ಲೇಪವಿದೆ, ರಕ್ತನಾಳ ಮತ್ತೆ ಕಟ್ಟದಂತೆ ಅದು ಜಿನುಗುತ್ತಿರುತ್ತದೆ. ಹಾಗಾಗಿ ಇದು ಅಕ್ಕನೊಬ್ಬಳಿಗೇ ಬಂದ ವಿಚಿತ್ರವೆಂದು ಎಣಿಸಬೇಡಿ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಒಳಗೆ ಇಡುವುದು ಒಂದು ದಿನದ ಕೆಲಸ. ಅದನ್ನು ನೋಡಿಕೊಳ್ಳುವುದು, ಬೇಡವಾದಾಗ ತೆಗೆಯುವುದು ಇಡೀ ಚಿಕಿತ್ಸೆಯ ಕೆಲಸ. ಇಡುವಾಗ ಇದ್ದ ಉತ್ಸಾಹ ತೆಗೆಯುವಾಗ ಇಲ್ಲದಿದ್ದರೆ ಒಳ್ಳೆಯ ಸಾಧನವೂ ಹೊರೆಯಾಗುತ್ತದೆ.

ನಾರ್‌ಪ್ಲಾಂಟ್ ಕಥೆ ಕೇಳಿ. ಫೋಕ್‌ಮನ್ ಕಂಡ ಅದೇ ಗುಣವನ್ನು ಹಿಡಿದು ಪಾಪ್ಯುಲೇಶನ್ ಕೌನ್ಸಿಲ್ ಸಂಸ್ಥೆಯ ಶೆಲ್ಡನ್ ಸೆಗಲ್ ಮುಂತಾದವರು ಗರ್ಭನಿರೋಧಕ ಕಡ್ಡಿಗಳನ್ನು ರೂಪಿಸಿದರು. ತೋಳಿನ ಚರ್ಮದಡಿ ಆರು ಕಡ್ಡಿ, ಐದು ವರ್ಷ ನಿಶ್ಚಿಂತೆ. 1983ರಲ್ಲಿ ಫಿನ್‌ಲೆಂಡ್, 1990ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಸಾಧನ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಹಾಕುವುದನ್ನು ಕಲಿತಷ್ಟು ಜನ ತೆಗೆಯುವುದನ್ನು ಕಲಿತಿರಲಿಲ್ಲ. ತೆಗೆಸಿಕೊಳ್ಳಲು ಹೋದ ಎಷ್ಟೋ ಹೆಂಗಸರು ನೋವು ತಿಂದರು, ದೂರುಗಳು ಕೋರ್ಟಿಗೂ ಹೋದವು. ಅದಕ್ಕಿಂತ ಕೆಟ್ಟದ್ದು, 1991ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರು ಅಪರಾಧಿ ಮಹಿಳೆಯೊಬ್ಬಳಿಗೆ ಶಿಕ್ಷೆಯ ಷರತ್ತಾಗಿ ಅದನ್ನು ಹಾಕಿಸಿಕೊಳ್ಳಲು ಹೇಳಿದರು. ಹೆಣ್ಣಿನ ಅನುಕೂಲಕ್ಕೆಂದು ಮಾಡಿದ ವಸ್ತು ಅವಳ ಇಚ್ಛೆಯನ್ನೇ ಮೀರಿ ನಿಲ್ಲಬಹುದು ಎಂಬುದು ಅಲ್ಲಿ ಬಯಲಾಯಿತು. ಇಂದಿನದು ಬೆಂಕಿಕಡ್ಡಿಯಷ್ಟೇ ಗಾತ್ರದ ಒಂದೇ ಕಡ್ಡಿ, ಹಾಕಲೂ ತೆಗೆಯಲೂ ಸುಲಭ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸರ್ಕಾರಿ ಕುಟುಂಬ ಯೋಜನೆಯಲ್ಲೂ ಅದು ಬಂದಿದೆ. ಸ್ವಾಗತಿಸೋಣ. ಆದರೆ "ನನಗೆ ಬೇಡ, ತೆಗೆಯಿರಿ" ಎಂದ ದಿನವೇ ತೆಗೆಯುವವರು ಅದೇ ಆಸ್ಪತ್ರೆಯಲ್ಲಿ ಸಿಗಬೇಕು ಎಂದು ಗಟ್ಟಿಯಾಗಿ ಕೇಳೋಣ.

ಅಕ್ಕನ ವಿಷಯದಲ್ಲೂ ಇದೇ ಮಾತು. ಪೋರ್ಟ್ ಇಡುವ ಮುನ್ನವೇ ಡಾಕ್ಟರ ಹತ್ತಿರ ಕೂತು ಕೇಳಿ: ಅಕ್ಕನಿಗೆ ಎಷ್ಟು ಸಲ ಕೀಮೋ, ಅಷ್ಟಕ್ಕೆ ಪೋರ್ಟ್ ಬೇಕೇಬೇಕಾ? ಇಡುವವರು ಯಾರು? ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು? ಕೀಮೋ ಮುಗಿದ ಮೇಲೆ ತೆಗೆಯುವುದು ಯಾವಾಗ, ಅದರ ಖರ್ಚು ಎಷ್ಟು? ತಾಳಿ ಸರ ಎಲ್ಲಿ ಬೀಳುತ್ತದೆ, ಸೆರಗಿಗೆ ಪಿನ್ ಎಲ್ಲಿ ಹಾಕುತ್ತಾಳೆ, ಬ್ಯಾಗ್ ಯಾವ ಹೆಗಲಿಗೆ ಎಂಬುದನ್ನೂ ಹೇಳಿ. ಇವನ್ನು ಕೇಳಿಸಿಕೊಂಡು ಜಾಗ ಆರಿಸಿದರೆ ಮುಂದಿನ ತಿಂಗಳುಗಳು ಎಷ್ಟೋ ಹಗುರವಾಗುತ್ತವೆ.

ಇಟ್ಟ ಮೇಲೆ ಕೊಡುವ ಕಾರ್ಡನ್ನು ಅವಳ ಪರ್ಸಿನಲ್ಲೇ ಇರಿಸಿ, ಮೊಬೈಲಿನಲ್ಲಿ ಅದರ ಫೋಟೋ ಇರಲಿ. ಬಳಸದೆ ಬಿಟ್ಟರೆ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹಾಗಾಗಿ ಆಗಾಗ ಸಲೈನ್ ಅಥವಾ ಹೆಪಾರಿನ್ ಹಾಕಿ ಫ್ಲಶ್ ಮಾಡಿಸಬೇಕು. ನಾಲ್ಕು ವಾರಕ್ಕೋ ಅದಕ್ಕಿಂತ ತಡವಾಗಿಯೋ ಎಂದು ಆಸ್ಪತ್ರೆಯವರು ಹೇಳುತ್ತಾರೆ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಆ ತಾರೀಖಿಗೂ ಗುರುತು ಹಾಕಿಡಿ. ಗಾಯ ಮಾಗಿದ ಮೇಲೆ, ಸೂಜಿ ಇಲ್ಲದ ದಿನಗಳಲ್ಲಿ, ಸ್ನಾನಕ್ಕೆ ತೊಂದರೆಯಿಲ್ಲ. ಆದರೆ ಜ್ವರ, ಅದರಲ್ಲೂ ಫ್ಲಶ್ ಮಾಡಿದ ಮೇಲೆ ಚಳಿ ನಡುಕ, ಪೋರ್ಟಿನ ಸುತ್ತ ಕೆಂಪು, ತೋಳು ಅಥವಾ ಕತ್ತಿನ ಬಾವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಪೋರ್ಟಿಗೆ ಸೋಂಕು ತಗಲಬಹುದು, ಹೆಪ್ಪೂ ಕಟ್ಟಬಹುದು. ಬೇಗ ಹೋದರೆ ಚಿಕಿತ್ಸೆಯಿದೆ.

ಗೆಳತಿ, ಅಕ್ಕ ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ಹಿಡಿಯಬಹುದು. ಕನ್ನಡಿಯಲ್ಲಿ ಆ ಉಬ್ಬು ಕಂಡಾಗ ಅವಳಿಗೆ ಅಳು ಬಂದರೆ ಅಳಲಿ, ತಡೆಯಬೇಡಿ. ನನ್ನ ಚಿಕ್ಕಮ್ಮನೂ ಮೊದಲು ಅದನ್ನು ಮುಟ್ಟಲು ಹೆದರುತ್ತಿದ್ದಳು. ಆಮೇಲೆ ತಾನೇ ಸೆರಗು ಸರಿಸಿ, ಹೊಸದಾಗಿ ಬಂದ ಸಿಸ್ಟರಿಗೆ "ಇಲ್ಲಿದೆ ನೋಡಮ್ಮ" ಎಂದು ತೋರಿಸುತ್ತಿದ್ದಳು. ತನ್ನ ಮೈಯೊಳಗೆ ಏನಿದೆ, ಎಷ್ಟು ದಿನಕ್ಕಿದೆ, ಯಾರು ತೆಗೆಯುತ್ತಾರೆ ಎಂದು ತಿಳಿದವಳಿಗೆ ಆ ಧೈರ್ಯ ತಾನಾಗಿ ಬರುತ್ತದೆ. ಆ ತಿಳಿವಳಿಕೆಯನ್ನು ಅಕ್ಕನಿಗೆ ಕೊಡುವುದು ಈಗ ನಿಮ್ಮಿಂದಾಗುವ ದೊಡ್ಡ ಸೇವೆ.

ಅಕ್ಕನಿಗೆ ನನ್ನ ನಮಸ್ಕಾರ ಹೇಳಿ. ಡಾಕ್ಟರು ಏನೆಂದರು ಎಂದು ಬರೆಯಿರಿ, ಅರ್ಥವಾಗದ ಮಾತಿದ್ದರೆ ಇದ್ದಹಾಗೇ ಬರೆದು ಕಳಿಸಿ. ಕೂಡಿ ಬಿಡಿಸೋಣ.

ನಿಮ್ಮ ಪ್ರೀತಿಯ,
ಬರಹದ ಗೆಳತಿ