ಚಿಕ್ಕಪ್ಪನ ಹಾಳೆಗಳು

6-4-2025, ಚಳ್ಳಕೆರೆ

ಮೊಳಕಾಲ್ಮೂರಿನಿಂದ ಚಿಕ್ಕಪ್ಪನ ಗ್ರಾಫ್ ಹಾಳೆಗಳ ಕಟ್ಟು ತಂದೆ. ಜಕಾರ್ಡ್ ಕಾರ್ಡು ಹೊಡೆಯುವ ಮೊದಲು ಚೌಕ ಚೌಕವಾಗಿ ಬಣ್ಣ ತುಂಬಿದ ಸೆರಗು, ಅಂಚುಗಳ ನಕ್ಷೆ. ಅಡಿಯ ಎಂಟು ಹಾಳೆ ಗೆದ್ದಲಿಗೆ ಹೋಗಿವೆ. ಮೊಳಕಾಲ್ಮೂರು ಸೀರೆಯ ಹೆಸರಿಗೆ ಜಿಐ ರಕ್ಷಣೆಯಿದೆ. ಈ ಹಾಳೆಗಳಿಗೆ ನಾವೇ ದಿಕ್ಕು. ಎ3 ಹಾಳೆಯೊಂದನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ, ಕುಗ್ಗಿಸದೆ ಸ್ಕ್ಯಾನ್ ಮಾಡಿದರೆ 200 ಎಂಬಿ ದಾಟುತ್ತದೆ. ಅಜ್ಜಿಯ ಸೋಬಾನೆ ಪದಗಳ ರೆಕಾರ್ಡಿಂಗ್ ಬೇರೆ. ಮನೆಯಲ್ಲೇ ಸರ್ವರ್ ಕಟ್ಟಬೇಕು.

10-4

ಹಳೆಯ ರೈಜನ್ ಡೆಸ್ಕ್‌ಟಾಪ್, 32 ಜಿಬಿ ರ್‍ಯಾಮ್. ಅಡಿಪಾಯಕ್ಕೆ ಪ್ರಾಕ್ಸ್‌ಮಾಕ್ಸ್, ಅದರೊಳಗೆ ಒಂದು ವರ್ಚುವಲ್ ಯಂತ್ರದಲ್ಲಿ ಕಡತಗಳನ್ನು ಕಾಯುವ ಟ್ರೂನಾಸ್, ಇನ್ನೊಂದರಲ್ಲಿ ಮನೆಯವರು ಫೋಟೊ ನೋಡುವ ಆ್ಯಪ್. ಎರಡು ಪೆಟ್ಟಿಗೆ ಇಟ್ಟರೆ ಕರೆಂಟು, ಯುಪಿಎಸ್ ಎರಡೂ ದುಬಾರಿ. 4 ಟಿಬಿಯ ಎರಡು ಡಿಸ್ಕ್, ಒಂದರಲ್ಲಿದ್ದದ್ದೇ ಇನ್ನೊಂದರಲ್ಲಿ. ಟ್ರೂನಾಸ್‌ನ ಕಡತ ವ್ಯವಸ್ಥೆ ಝಡ್‌ಎಫ್‌ಎಸ್ ಪ್ರತಿ ತುಣುಕಿಗೂ ಚೆಕ್‌ಸಮ್ ಬರೆದಿಡುತ್ತದೆ; ಓದುವಾಗ ತಾಳೆಯಾಗದಿದ್ದರೆ ಜೋಡಿ ಡಿಸ್ಕಿನಿಂದ ತಂದು ತಿದ್ದುತ್ತದೆ. ನನಗೆ ಬೇಕಾದ್ದು ಇದೇ. ಆದರೆ ಡಿಸ್ಕ್ ಟ್ರೂನಾಸ್‌ನ ಕೈಗೆ ನೇರ ಸಿಗಬೇಕು. ವರ್ಚುವಲ್ ಡಿಸ್ಕ್ ಕೊಟ್ಟು ನೋಡಿದೆ: ಡಿಸ್ಕಿನ ಆರೋಗ್ಯದ ಸ್ಮಾರ್ಟ್ ವರದಿ ಅದಕ್ಕೆ ಕಾಣಲೇ ಇಲ್ಲ.

13-4

ಸಾಧನಗಳನ್ನು ವರ್ಚುವಲ್ ಯಂತ್ರಕ್ಕೆ ನೇರ ಕೊಡಲು ಬಯಾಸ್‌ನಲ್ಲಿ ಐಒಎಂಎಂಯು ಆನ್ ಮಾಡಿ, ಬೋರ್ಡಿನ ಸಾಟಾ ಕಂಟ್ರೋಲರನ್ನೇ ಟ್ರೂನಾಸ್‌ಗೆ ಒಪ್ಪಿಸಿದೆ. ಇಡೀ ಯಂತ್ರ ನೆಟ್‌ವರ್ಕ್‌ನಿಂದ ಮಾಯ. ರಾತ್ರಿ ಹನ್ನೊಂದಕ್ಕೆ ಕಾರಣ ಸಿಕ್ಕಿತು: ಇಲ್ಲಿ ಸಾಟಾ, ಲ್ಯಾನ್ ಎರಡೂ ಒಂದೇ ಐಒಎಂಎಂಯು ಗುಂಪು. ಒಂದನ್ನು ಕೊಟ್ಟರೆ ಇನ್ನೊಂದೂ ಜೊತೆಗೇ ಹೋಗುತ್ತದೆ.

20-4

ಬೆಂಗಳೂರಿನ ಎಸ್‌ಪಿ ರೋಡಿನಿಂದ ಸೆಕೆಂಡ್ ಹ್ಯಾಂಡ್ ಎಲ್‌ಎಸ್‌ಐ 9211 ಡಿಸ್ಕ್ ಕಂಟ್ರೋಲರ್ ಕಾರ್ಡು ತಂದು, ಪ್ರೊಸೆಸರಿಗೆ ನೇರ ಸೇರುವ ಸ್ಲಾಟಿಗೆ ಹಾಕಿದೆ. ಡಿಸ್ಕುಗಳನ್ನು ಇದ್ದಂತೆಯೇ ತೋರಿಸುವ ಐಟಿ ಮೋಡ್ ಫರ್ಮ್‌ವೇರ್ ತುಂಬಿ, ಕಾರ್ಡನ್ನು ಟ್ರೂನಾಸ್‌ಗೆ ಒಪ್ಪಿಸಿದೆ. ಸರಿಹೋಯಿತು. ಆದರೆ ಚಳ್ಳಕೆರೆಯ ಏಪ್ರಿಲ್! ಸರ್ವರ್ ಕೋಣೆಯ ಜೋರು ಗಾಳಿಗೆ ಮಾಡಿದ ಕಾರ್ಡಿದು, ಬೆರಳಿಟ್ಟರೆ ಚುರ್ ಎನ್ನುತ್ತದೆ. ಅದರ ಮೇಲೊಂದು ಸಣ್ಣ ಫ್ಯಾನ್ ಕಟ್ಟಿದೆ.

27-4

ಪರೀಕ್ಷೆ. ಅಜ್ಜಿಯ ಪದ ಹಾಡುತ್ತಿರುವಾಗಲೇ ಒಂದು ಡಿಸ್ಕಿನ ಕೇಬಲ್ ಕಿತ್ತೆ. ಎಚ್ಚರಿಕೆ ಬಂತು, ಪದ ನಿಲ್ಲಲಿಲ್ಲ. ಎದೆ ತುಂಬಿ ಬಂತು. ಆಮೇಲೆ ಮೇನ್ಸ್ ಆರಿಸಿದೆ: ಯುಪಿಎಸ್ ಸುದ್ದಿ ಕೊಟ್ಟು, ಎಲ್ಲ ಕ್ರಮವಾಗಿ ಮುಚ್ಚಿಕೊಂಡವು.

1-5, ಮೊಳಕಾಲ್ಮೂರು

ಚಿಕ್ಕಪ್ಪನಿಗೆ ಹೆಮ್ಮೆಯಿಂದ ವಿವರಿಸಿದೆ. ಕೇಳಿದರು: "ಎಲ್ಲಾ ಒಂದೇ ಡಬ್ಬದಾಗೆ ಇಟ್ಟೀಯಲ್ಲಪ್ಪಾ, ಡಬ್ಬಾನೇ ಸುಟ್ಟೋದ್ರೆ?" ಉತ್ತರ ಇರಲಿಲ್ಲ. ಜೋಡಿ ಡಿಸ್ಕ್ ಡಿಸ್ಕಿನ ಸಾವಿಗಷ್ಟೇ ಮದ್ದು. ಸಿಡಿಲಿಗೆ, ಕಳ್ಳನಿಗೆ, ಕೈತಪ್ಪಿ ಅಳಿಸಿದ್ದಕ್ಕೆ ಅಲ್ಲ.

ಈ ತಾಲ್ಲೂಕಿನಲ್ಲೇ ಅಶೋಕನ ಒಂದೇ ಶಾಸನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂದು ಮೂರು ಕಡೆ ಕೆತ್ತಲಾಗಿದೆ. ಬಿ. ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಜಟಿಂಗದ ಬಂಡೆ ಬಹಳ ಸವೆದಿದೆ. ಅಲ್ಲಿ ಅಳಿದದ್ದನ್ನು ಬ್ರಹ್ಮಗಿರಿಯ ಪ್ರತಿಯಿಂದ ಓದಿಕೊಳ್ಳಬಹುದು. ಶಾಲೆಯಲ್ಲಿದ್ದಾಗ ಪಿಕ್ನಿಕ್ಕಿಗೆ ಹೋಗಿ ಜಟಿಂಗದ ಬಂಡೆ ನೋಡಿದ್ದೆ, ಪ್ರತಿಗಳು ಬೇರೆ ಬೇರೆ ಕಡೆ ಇರಬೇಕೆಂಬುದು ಆಗ ಹೊಳೆದಿರಲಿಲ್ಲ.

11-5, ಮೊಳಕಾಲ್ಮೂರು

ಹೊರಗಿನ ಎರಡು ಡಿಸ್ಕಿಗೆ ಪ್ರತಿ ಮಾಡಿದೆ. ಒಂದು ಚಳ್ಳಕೆರೆಯ ಬೀರುವಿನಲ್ಲಿ. ಇನ್ನೊಂದನ್ನು ಇಲ್ಲಿಗೆ ತಂದು, ಖಾಲಿ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಮರಳಿ ಇಳಿಸಿ ಚೆಕ್‌ಸಮ್ ತಾಳೆ ನೋಡಿದೆ. 412 ಹಾಳೆ, 37 ಪದ, ಒಂದೂ ತಪ್ಪಿಲ್ಲ. ಡಿಸ್ಕ್ ಈಗ ಚಿಕ್ಕಮ್ಮನ ರೇಷ್ಮೆ ಸೀರೆಗಳ ಟ್ರಂಕಿನಲ್ಲಿದೆ.