ಕುರುಗೋಡಿನ ಮಂದಬೆಳಕಿನಲ್ಲಿ ಬಸವಣ್ಣನ ದರ್ಶನ

ಬಳ್ಳಾರಿ ನಗರದಿಂದ ಸುಮಾರು 28 ಕಿ.ಮೀ. ದೂರದಲ್ಲಿರುವ ಕುರುಗೋಡು, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದ ಅರಸರ ಆಡಳಿತಕೇಂದ್ರವಾಗಿದ್ದ ಪುರಾತನ ಊರು. ಬಂಡೆಗುಡ್ಡಗಳ ಮಡಿಲಲ್ಲಿರುವ ಶ್ರೀ ದೊಡ್ಡಬಸವೇಶ್ವರ ದೇವಾಲಯದಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲಾ ಬಸವಣ್ಣನು ನೆಲೆಸಿದ್ದಾನೆ. ಈ ಸೀಮೆಯ ಸದ್ಭಕ್ತರ ಮನೆಮನೆಯ ಆರಾಧ್ಯದೈವವಿದು.

ಸಿರುಗುಪ್ಪದ ನಮ್ಮ ಮನೆಯ ಹಿರಿಯ ತಾಯಿಯವರು ಪ್ರತಿವರ್ಷವೂ ಈ ಸನ್ನಿಧಿಗೆ ಬರುತ್ತಿದ್ದವರು. ಕಾಲು ಸೋತು ಹಾಸಿಗೆ ಹಿಡಿದ ಮೇಲೆ ಅವರದು ಒಂದೇ ಹಂಬಲ: ಬಸವಣ್ಣನ ಮುಖವನ್ನು ಇನ್ನೊಮ್ಮೆ ಕಾಣಬೇಕು. ಮೊಬೈಲಿನಲ್ಲಿ ತೋರಿಸಬಹುದಿತ್ತು. ಆದರೆ ಮನೆಯ ಆಲ್ಬಮ್ಮಿನ ಚಿತ್ರಗಳೆಲ್ಲವೂ ಹಳೆಯ ಫಿಲ್ಮ್ ಕ್ಯಾಮೆರಾದವು. ಆ ಸಾಲಿನಲ್ಲಿಯೇ ಇದೂ ಇರಲೆಂಬುದು ಅವರ ಇಚ್ಛೆ.

ಮೊದಲ ಸಲ ನಾವು ಸೋತೆವು. ಫ್ಲ್ಯಾಶ್ ಹಾಕಿದರೆ ಎಣ್ಣೆ ಮಿಂದ ಕರಿಶಿಲೆ ಕನ್ನಡಿಯಂತೆ ಹೊಳೆದು ಮುಖವೇ ಮಾಯವಾಗುತ್ತಿತ್ತು. ಧ್ಯಾನದಲ್ಲಿದ್ದವರಿಗೂ ಅದು ತೊಂದರೆ. ಫ್ಲ್ಯಾಶ್ ಇಲ್ಲದೆ ತೆಗೆದಾಗ, 400 ವೇಗದ ಫಿಲ್ಮಿಗೂ ನಮ್ಮ ಎಫ್/3.5 ಜೂಮ್ ಲೆನ್ಸಿನಲ್ಲಿ 1/8 ಸೆಕೆಂಡು ಬೇಕಾಯಿತು. ಕೈ ನಡುಗಿ ಚಿತ್ರಗಳೆಲ್ಲ ಅಳಿಸಿದಂತಾದವು.

ಆಗ ಬಳ್ಳಾರಿಯಲ್ಲಿ ಹಳೆಯ ಲೆನ್ಸ್‌ಗಳನ್ನು ಪರಿಶೀಲಿಸಿದೆವು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಎಂದರೆ ಸುಮಾರು 28 ಮಿ.ಮೀ. ಅಗಲದ ದ್ವಾರ. ಎಫ್/3.5ಕ್ಕಿಂತ ಅದು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. 1/8 ಸೆಕೆಂಡು 1/30 ಆಗುತ್ತದೆ. ಎಫ್/1.4 ಇನ್ನೂ ವೇಗದ್ದು, ಬೆಲೆಯೂ ಹೆಚ್ಚು. ಆದರೆ ಬಾಯಿ ಪೂರ್ತಿ ತೆರೆದಾಗ ಮೂರು ಮೀಟರ್ ದೂರದಲ್ಲಿ ಸುಮಾರು ಒಂದು ಅಡಿಯಷ್ಟು ಆಳ ಮಾತ್ರ ಸ್ಪಷ್ಟ. ಬಸವಣ್ಣನ ಮೂತಿ ಸ್ಪಷ್ಟವಾದರೆ ಕಣ್ಣು ಮಸುಕು! ಅಲ್ಲದೆ ಹಳೆಯ ಲೆನ್ಸ್‌ಗಳು ಒಂದೆರಡು ಮೆಟ್ಟಿಲು ಬಾಯಿ ಕಿರಿದು ಮಾಡಿದಾಗಲೇ ತಮ್ಮ ನಿಜವಾದ ಮೊನಚನ್ನು ತೋರುತ್ತವೆ. ಆದ್ದರಿಂದ ಎಫ್/1.8 ಸಾಕೆಂದು ನಿಶ್ಚಯಿಸಿದೆವು. ಟಾರ್ಚ್ ಹಿಡಿದು ಒಳಗಾಜಿನಲ್ಲಿ ಬೂಷ್ಟಿನ ಎಳೆಗಳಿಲ್ಲವೆಂದೂ, ದ್ವಾರದ ಎಲೆಗಳಿಗೆ ಎಣ್ಣೆ ಅಂಟಿಲ್ಲವೆಂದೂ ನೋಡಿಕೊಂಡೆವು. ಹಳೆಯ ಲೆನ್ಸ್ ಕೊಳ್ಳುವವರು ಇದನ್ನು ಮರೆಯಬಾರದು. ನಮ್ಮ ಕ್ಯಾಮೆರಾಕ್ಕೆ ಅದು ಕೂಡುವುದೇ ಎಂಬುದನ್ನೂ ಅಷ್ಟೇ. ಬಳ್ಳಾರಿಯ ಬಿಸಿಲಿನಲ್ಲಿ ಫಿಲ್ಮನ್ನು ಕಾರಿನಲ್ಲಿ ಬಿಡುವುದೂ ಸಲ್ಲ.

ಅರ್ಚಕರ ಅನುಮತಿ ಪಡೆದು ಮತ್ತೆ ಸನ್ನಿಧಿಯಲ್ಲಿ ನಿಂತೆವು. ಕಲ್ಲು ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ. ದೀಪ ಹಚ್ಚುತ್ತಿದ್ದ ತಾಯಂದಿರನ್ನು ಎಫ್/1.8, 1/30ರಲ್ಲಿ ಸೆರೆಹಿಡಿದೆವು. ಬಸವಣ್ಣನಿಗಾಗಿ ಕ್ಯಾಮೆರಾವನ್ನು ಕಂಬಕ್ಕೆ ಒತ್ತಿಹಿಡಿದು, ಎಫ್/2.8ಕ್ಕೆ ಇಳಿಸಿ, ಉಸಿರು ಬಿಗಿಹಿಡಿದು 1/8 ಸೆಕೆಂಡು ಒತ್ತಿದೆವು.

ತುಂಗಭದ್ರೆಯ ಬಯಲಿನ ಭತ್ತದ ಗದ್ದೆಗಳನ್ನು ದಾಟಿ, ಮುದ್ರಿತ ಚಿತ್ರದೊಡನೆ ಸಿರುಗುಪ್ಪ ಸೇರಿದಾಗ ಸಂಜೆಯಾಗಿತ್ತು. ತಾಯಿಯವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬಳಿಕ, "ಎಡಗಡೆಯ ದೀಪಕ್ಕೆ ಎಣ್ಣೆ ಕಡಿಮೆಯಾಗಿದೆಯಲ್ಲ" ಎಂದರು. ಅಷ್ಟು ಸ್ಪಷ್ಟವಾಗಿ ಅವರು ಗುಡಿಯೊಳಗೇ ಇದ್ದರು. ಮರುವಾರ ನಾವು ಎಣ್ಣೆಯ ಕ್ಯಾನು ಹಿಡಿದು ಪುನಃ ಕುರುಗೋಡಿಗೆ ಹೊರಟೆವು.