‘ಗುಂಯ್’ ಎಂದ ಸಿಂಥಸೈಸರ್! ಮಂಡಗದ್ದೆಯಲ್ಲೊಂದು ಸದ್ದಿನ ಪತ್ತೇದಾರಿಕೆ

ಹಾಡು ಬಂದಾಗ ಸೀಟಿ ಹೊಡೆಯುತ್ತೀರಿ. ಫೈಟಿಂಗ್ ಬಂದಾಗ ಕುರ್ಚಿಯ ತುದಿಗೆ ಬರುತ್ತೀರಿ. ಆದರೆ ನಾಯಕಿ ಮಾತೇ ಆಡದೆ ಕಿಟಕಿಯ ಬಳಿ ನಿಂತಿರುತ್ತಾಳಲ್ಲ, ಆ ಹತ್ತು ಸೆಕೆಂಡು ಮೌನ... ಅದನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದೀರಾ? ಆ ಮೌನವನ್ನೂ ಒಬ್ಬ ಮನುಷ್ಯ ರಾತ್ರಿಯಿಡೀ ಕೂತು ತಯಾರು ಮಾಡಿರುತ್ತಾನೆ ಸ್ವಾಮಿ! ಅದರೊಳಗೆ ‘ಗುಂಯ್’ ಅಂತ ಒಂದೇ ಒಂದು ಸಣ್ಣ ಸದ್ದು ನುಸುಳಿದರೆ ಸಾಕು, ನಾಯಕಿಯ ಕಣ್ಣೀರೆಲ್ಲ ನೀರುಪಾಲು.

ಒಂದು ಕಾಲವಿತ್ತು. ಕನ್ನಡದ ಹಾಡು ಮುದ್ರಿಸಬೇಕೆಂದರೆ ಮದರಾಸಿನ ರೈಲು ಹತ್ತಬೇಕು. ಶಂಕರ್‌ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ದು ಈ ಅಲೆದಾಟ ತಪ್ಪಲಿ ಅಂತಲೇ. 1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖರ ಹಾಡುಗಳು ಊರೂರಿನ ಟೇಪ್ ರೆಕಾರ್ಡರುಗಳಲ್ಲಿ ಮೊಳಗಿದವು. ಆಮೇಲೆ ಕೀಬೋರ್ಡು ಇಲ್ಲದ ಆರ್ಕೆಸ್ಟ್ರಾವನ್ನು ಗಣಪತಿ ಪೆಂಡಾಲಿನವರೂ ಕರೆಯದಂತಾಯಿತು! ಈಗ? ಸ್ಟುಡಿಯೋ ಅನ್ನುವುದೇ ಮನೆಯ ಜಗಲಿಗೆ ಬಂದು ಕೂತಿದೆ. ಒಂದು ಸಿಂಥಸೈಸರು, ಒಂದು ಲ್ಯಾಪ್‌ಟಾಪು, ನಡುವೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ. ಆ ಪೆಟ್ಟಿಗೆಗೇ ಆಡಿಯೋ ಇಂಟರ್‌ಫೇಸ್ ಅಂತ ಹೆಸರು. ವಾದ್ಯದಿಂದ ವಿದ್ಯುತ್ತಿನ ಅಲೆಯಾಗಿ ಬಂದ ನಾದವನ್ನು ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಉಣಿಸುವುದು ಅದರ ಕೆಲಸ. ಕೇಳಲು ಎಷ್ಟು ಸುಲಭ!

ನನ್ನ ಸೋದರಮಾವನ ಮಗ ಇರುವುದು ಮಂಡಗದ್ದೆಯ ಹತ್ತಿರ. ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸು ಹತ್ತಿದವರಿಗೆಲ್ಲ ಆ ಊರು ಗೊತ್ತು. ತುಂಗೆಯ ನಡುವೆ ಪುಟ್ಟ ನಡುಗಡ್ಡೆ, ಮಳೆಗಾಲದಲ್ಲಿ ಅದರ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಬಾಣಂತನ. (ಬೇಸಿಗೆಯಲ್ಲಿ ಹೋಗಿ ಹಕ್ಕಿ ಇಲ್ಲ ಅಂತ ಬೈಯಬೇಡಿ, ಅವು ಬರುವುದು ಮಳೆಯ ಜೊತೆ.) ಹುಡುಗನಿಗೆ ಇಪ್ಪತ್ಮೂರು ವಯಸ್ಸು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುತ್ತಾನೆ. ಗಿರೀಶ್ ಕಾಸರವಳ್ಳಿಯವರು ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರು, ನಾನ್ಯಾಕೆ ಆಗಬಾರದು ಅನ್ನುವ ಜಾತಿ. ಅಡಿಕೆ ದುಡ್ಡಿನಲ್ಲಿ ನಲವತ್ತು ಸಾವಿರ ಈಸಿಕೊಂಡು ಯಾರೋ ಬಳಸಿದ ಸಿಂಥಸೈಸರ್ ತಂದಿದ್ದ. ಬೆಂಗಳೂರಿನ ಒಬ್ಬ ಹೊಸ ನಿರ್ದೇಶಕರು ಇಪ್ಪತ್ತು ನಿಮಿಷದ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡಲು ಹೇಳಿದ್ದರು. ಮೊದಲ ಕಂತು ಕಳಿಸಿದ. ಉತ್ತರ ಬಂತು: ‘ಟ್ಯೂನು ಚೆನ್ನಾಗಿದೆ. ಆದರೆ ಹಿಂದೆ ಏನೋ ಗುಂಯ್ ಅನ್ನುತ್ತಿದೆ. ಸೋಮವಾರದೊಳಗೆ ಸರಿಮಾಡಿ ಕಳಿಸಿ, ಇಲ್ಲದಿದ್ದರೆ ಬೇರೆಯವರನ್ನು ನೋಡ್ತೀವಿ.’

ಶುಕ್ರವಾರ ಸಂಜೆ ನನಗೆ ಫೋನು. “ಭಾವ, ಎಂತ ಮಾಡೋದು ಹೇಳಿ. ಅಪ್ಪ ಬೇರೆ ಇದನ್ನ ಮಾರ್ತೀನಿ ಅಂತ ಕೂತಿದಾರೆ.”

ನಾನೋ, ಪಿಯುಸಿಯ ಭೌತಶಾಸ್ತ್ರದ ಪುಸ್ತಕ ಮಡಚಿಟ್ಟು ಗಾಂಧಿನಗರದ ದಾರಿ ಹಿಡಿದವನು. ಆದರೆ ಬರೆಯುವ ನೆಪದಲ್ಲಿ ರೀರೆಕಾರ್ಡಿಂಗ್ ಕೋಣೆಗಳಲ್ಲಿ ರಾತ್ರಿಗಟ್ಟಲೆ ಕೂತಿದ್ದೇನೆ. ಸದ್ದು ಬಂದಾಗ ಅಲ್ಲಿನ ಇಂಜಿನಿಯರುಗಳು ಹೊಸ ಸಾಮಾನು ಕೊಳ್ಳಲು ಓಡುವುದಿಲ್ಲ. ಒಂದೊಂದೇ ತಂತಿ ಕೀಳುತ್ತಾ ಹೋಗುತ್ತಾರೆ. ಯಾವುದನ್ನು ಕಿತ್ತಾಗ ಸದ್ದು ನಿಂತಿತೋ ಅವನೇ ಕಳ್ಳ! ಇಷ್ಟೇ ಬಂಡವಾಳ ಹೊತ್ತು ಶನಿವಾರ ಬೆಳಿಗ್ಗೆ ಮಂಡಗದ್ದೆಯಲ್ಲಿ ಇಳಿದೆ. ಏಪ್ರಿಲ್ ತಿಂಗಳು. ತುಂಗೆಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ.

ಮಾವ ಜಗಲಿಯಲ್ಲೇ ಸಿಕ್ಕಿದರು. “ಬಂದ್ಯನಾ? ಕೇಳಾ ಅದನ್ನ, ಜೇನುಗೂಡಿಗೆ ಕಲ್ಲು ಹೊಡ್ದಂಗೆ. ಆ ದುಡ್ಡಲ್ಲಿ ಅಡಿಕೆ ಸುಲಿಯೋ ಮಿಷನ್ನಿಗೆ ಮುಂಗಡ ಕೊಡಬಹುದಿತ್ತು ಮಾರಾಯ.”

ಮಾವನ ಹೋಲಿಕೆ ಸರಿಯಾಗಿಯೇ ಇತ್ತು. ಆದರೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತರೆ ಇದ್ದದ್ದು ಒಂದಲ್ಲ, ಎರಡು ಸದ್ದು. ಇಲ್ಲಿಯೇ ಬಹಳ ಜನ ದಾರಿ ತಪ್ಪುವುದು. ಒಂದು, ಕೆಳಗಿನಿಂದ ಏಳುವ ದಪ್ಪ ‘ಗುಂಯ್’. ಇನ್ನೊಂದು, ಅದರ ಮೇಲೆ ಸೊಳ್ಳೆಯ ಹಾಗೆ ‘ಕೀಈ...’. ಲ್ಯಾಪ್‌ಟಾಪಿನ ಮೌಸ್ ಆಡಿಸಿದರೆ ಆ ಸೊಳ್ಳೆಯ ರಾಗ ಬದಲಾಗುತ್ತಿತ್ತು!

ಗುಂಯ್ ಅನ್ನುವವನ ಜಾತಕ ಸುಲಭ. ನಮ್ಮ ಮನೆಗೆ ಬರುವ 230 ವೋಲ್ಟಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದು ವಾದ್ಯದ ತಂತಿಯೊಳಗೆ ನುಸುಳಿದರೆ 50, 100, 150ರ ಸ್ವರಗಳಾಗಿ ಕೇಳುತ್ತದೆ. 50 ಅಂದರೆ ಹೆಚ್ಚು ಕಡಿಮೆ ಕೀಬೋರ್ಡಿನ ಕೆಳಗಿನ ‘ಜಿ’ ಮನೆ. ಅಮೆರಿಕದಲ್ಲಿ ಕರೆಂಟು 60ರದ್ದು, ಅಲ್ಲಿನ ಗುಂಯ್‌ನ ಶ್ರುತಿಯೇ ಬೇರೆ. ನಮ್ಮ ದೇಶದ ಎಲ್ಲ ಮನೆಗಳೂ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿವೆ ಅಂದ ಹಾಗಾಯಿತು. ಇರಲಿ.

ಮೊದಲು ಸಿಂಥಸೈಸರಿಗೇ ನೇರವಾಗಿ ಹೆಡ್‌ಫೋನ್ ಚುಚ್ಚಿದೆವು. ಸದ್ದಿಲ್ಲ! ವಾದ್ಯ ನಿರಪರಾಧಿ. ಮುಂದೆ ಇಂಟರ್‌ಫೇಸಿನಿಂದ ವಾದ್ಯದ ತಂತಿ ಕಿತ್ತು ಬರೀ ಪೆಟ್ಟಿಗೆಯನ್ನು ಕೇಳಿದೆವು. ಅದೂ ಮೌನಿ. ಇಬ್ಬರೂ ಬೇರೆ ಬೇರೆ ಇದ್ದಾಗ ಸಂಭಾವಿತರು, ಜೋಡಿಸಿದರೆ ಜಗಳ. ತಂತಿ ಬದಲಿಸಿ ನೋಡಿದೆವು, ವ್ಯತ್ಯಾಸವಿಲ್ಲ. ಮೊಬೈಲನ್ನು ಒಳಗಿನ ಕೋಣೆಗೆ ಕಳಿಸಿದೆವು, ಟ್ಯೂಬ್‌ಲೈಟ್, ಫ್ಯಾನು ಎಲ್ಲ ಆರಿಸಿದೆವು. ಮಾವ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾ ನಮ್ಮನ್ನೇ ದುರುಗುಟ್ಟಿ ನೋಡುತ್ತಿದ್ದರು.

ಕಡೆಗೆ ಸಿಂಥಸೈಸರಿನಿಂದ ಲ್ಯಾಪ್‌ಟಾಪಿಗೆ ಹೋಗಿದ್ದ ಯುಎಸ್‌ಬಿ ತಂತಿಯನ್ನು ಕಿತ್ತೆ. ಸೊಳ್ಳೆ ಮಾಯ!

ಏನಾಗಿತ್ತು ಗೊತ್ತೇ? ಯಾವ ಮನೆ ಒತ್ತಿದೆ ಅನ್ನುವ ಸುದ್ದಿ ತಿಳಿಸಲು ಸಿಂಥಸೈಸರಿಗೆ ಲ್ಯಾಪ್‌ಟಾಪಿನ ಜೊತೆ ಒಂದು ಯುಎಸ್‌ಬಿ ನಂಟು. ನಾದ ಕಳಿಸಲು ಇಂಟರ್‌ಫೇಸಿನ ಜೊತೆ ಇನ್ನೊಂದು ನಂಟು. ಇಂಟರ್‌ಫೇಸಿಗೂ ಲ್ಯಾಪ್‌ಟಾಪಿಗೂ ಮತ್ತೊಂದು ಯುಎಸ್‌ಬಿ. ಮೂರೂ ಸೇರಿ ಒಂದು ಪೂರ್ತಿ ಸುತ್ತು, ಅಂದರೆ ತಂತಿಯ ಬಳೆ. ಇದನ್ನೇ ‘ಗ್ರೌಂಡ್ ಲೂಪ್’ ಅನ್ನುವುದು. ಲ್ಯಾಪ್‌ಟಾಪಿನ ಹೊಟ್ಟೆಯೊಳಗಿನ ಗದ್ದಲವೆಲ್ಲ ಈ ಬಳೆಯಲ್ಲಿ ಓಡಾಡಿ ನಾದದ ತಂತಿಗೆ ಮೆತ್ತಿಕೊಳ್ಳುತ್ತದೆ. ಸಿಂಥಸೈಸರಿನಂಥವು ಬಳಸುವ ಯುಎಸ್‌ಬಿ ಸಾಮಾನ್ಯವಾಗಿ ಸೆಕೆಂಡಿಗೆ ಸಾವಿರ ಕಂತುಗಳಲ್ಲಿ ಸುದ್ದಿ ಸಾಗಿಸುತ್ತದೆ. ಆ ಸಾವಿರದ ಲೆಕ್ಕವೇ ‘ಕೀಈ’ ಆಗಿ ಕಿವಿಗೆ ಬಡಿಯುತ್ತದೆ.

ಮದ್ದು ಹಳೆಯದೇ. ಸಿಂಥಸೈಸರಿನ ಬೆನ್ನಿಗೆ ಐದು ತೂತಿನ ದುಂಡನೆಯ ಒಂದು ಸಾಕೆಟ್ ಇರುತ್ತದಲ್ಲ, ಮಿಡಿ ಅಂತಾರೆ, ಅದು ಬಂದದ್ದು 1983ರಲ್ಲಿ. ಮಣಿರತ್ನಂ ‘ಪಲ್ಲವಿ ಅನುಪಲ್ಲವಿ’ಯಿಂದ ನಮ್ಮ ಕನ್ನಡದಲ್ಲೇ ಖಾತೆ ತೆರೆದ ವರ್ಷ! ಅದರ ಹಿಂದಿದ್ದ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಕೊಟ್ಟರು. ಮಿಡಿಯ ಜಾಣತನ ನೋಡಿ: ಸುದ್ದಿ ತಂತಿಯಲ್ಲಿ ಬಂದರೂ ಪೆಟ್ಟಿಗೆಯ ಬಾಗಿಲಲ್ಲಿ ಅದು ಬೆಳಕಾಗುತ್ತದೆ. ಒಂದು ಕಡೆ ಪುಟ್ಟ ದೀಪ ಮಿನುಗುತ್ತದೆ, ಎದುರಿಗೆ ಕೂತ ಕಣ್ಣು ಅದನ್ನು ಓದುತ್ತದೆ. ನಡುವೆ ತಂತಿಯ ಸಂಬಂಧವೇ ಇಲ್ಲ. ಹಾಗಾಗಿ ಬಳೆ ಕೂಡುವುದೇ ಇಲ್ಲ. ಯುಎಸ್‌ಬಿಯಲ್ಲಿ ಈ ಏರ್ಪಾಡು ಇಲ್ಲ. ಹುಡುಗನ ಇಂಟರ್‌ಫೇಸಿನಲ್ಲಿ ಮಿಡಿ ಸಾಕೆಟ್ ಇತ್ತು, ಆರ್ಕೆಸ್ಟ್ರಾ ಗೆಳೆಯನೊಬ್ಬನ ಹತ್ತಿರ ತಂತಿ ಸಿಕ್ಕಿತು. ಕೆಲಸ ಮುಗಿಯಿತು. ಸಾಕೆಟ್ ಇಲ್ಲದವರು ಯುಎಸ್‌ಬಿ ಐಸೊಲೇಟರ್ ಕೊಳ್ಳಬೇಕು, ಅಥವಾ ನಾದದ ತಂತಿಯ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಬೇಕು.

ಆದರೆ ದಪ್ಪ ಗುಂಯ್ ಹಾಗೇ ಇತ್ತು, ಖಳನಾಯಕ ಕ್ಲೈಮ್ಯಾಕ್ಸಿಗೆ ಕಾದ ಹಾಗೆ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆವು. ಗುಂಯ್ ನಿಂತಿತು. ಹಾಕಿದೆವು, ಬಂತು. ಹುಡುಗ “ಹಂಗಾದ್ರೆ ಬ್ಯಾಟರಿ ಮೇಲೇ ಮಾಡೋಣ ಭಾವ” ಅಂದ. ಹಳೆಯ ಬ್ಯಾಟರಿ, ಅರ್ಧ ಗಂಟೆಗೆ ಉಸಿರು ಬಿಡುತ್ತಿತ್ತು. ಅವನ ಗೆಳೆಯನೊಬ್ಬ ಆಗಲೇ ಒಂದು ಉಪಾಯ ಹೇಳಿಕೊಟ್ಟಿದ್ದನಂತೆ: ಚಾರ್ಜರಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಇದೆಯಲ್ಲ, ಅದನ್ನು ಕತ್ತರಿಸಿಬಿಡು! ಈ ಉಪಾಯ ಊರೂರಿನ ಆರ್ಕೆಸ್ಟ್ರಾದವರಲ್ಲಿ ಉಂಟು. ದಯವಿಟ್ಟು ಬೇಡ ಮಿತ್ರರೇ. ಆ ಪಿನ್ನು ಇರುವುದು ಸದ್ದಿಗಲ್ಲ, ಜೀವಕ್ಕೆ. ಸಾಮಾನಿನ ಮೈಗೆ ಕರೆಂಟು ತಗುಲಿದರೆ ಅದನ್ನು ನೆಲಕ್ಕೆ ಇಳಿಸುವ ದಾರಿ ಅದೊಂದೇ. ಅದನ್ನು ಕಿತ್ತರೆ ಕರೆಂಟು ನಿಮ್ಮ ಮೈಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಆಗ ಒಂದು ವಿಚಿತ್ರ ಕಂಡಿತು. ಬರಿಗಾಲಲ್ಲಿ ನಿಂತಿದ್ದ ಹುಡುಗ ಇಂಟರ್‌ಫೇಸಿನ ಲೋಹದ ಮೈ ಮುಟ್ಟಿದಾಗಲೆಲ್ಲ ಗುಂಯ್ ತಗ್ಗುತ್ತಿತ್ತು. ಕೈ ತೆಗೆದರೆ ಏರುತ್ತಿತ್ತು. “ಮುಟ್ಟಿದ್ರೆ ಸ್ವಲ್ಪ ಜುಂ ಅಂತದೆ ಭಾವ” ಅಂದ. ಅಡಿಗೆಮನೆಯಲ್ಲಿ ಫ್ರಿಜ್ಜು ಶುರುವಾದಾಗ ಗುಂಯ್ ಇನ್ನೂ ಜಾಸ್ತಿ.

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅತ್ತೆ ಸುಮ್ಮನೆ ಒಂದು ಮಾತು ಹೇಳಿದರು: “ಜುಂ ಅನ್ನೋದು ಫ್ರಿಜ್ಜಿನ ಬಾಗಿಲೂ ಅಂತದೆ. ಎರಡು ವರ್ಷ ಆಯ್ತು. ಅದ್ಕೇ ನಾ ಹವಾಯಿ ಚಪ್ಪಲಿ ಹಾಕ್ಕೊಂಡೇ ತೆಗೆಯೋದು.”

ನನ್ನ ಕೈಯ ಕಾಫಿ ಅಲ್ಲೇ ನಿಂತಿತು.

ಚಾರ್ಜರಿನೊಳಗೆ, ಫ್ರಿಜ್ಜಿನೊಳಗೆ, ಮೂರು ಪಿನ್ನಿನ ಸಾಮಾನುಗಳಲ್ಲೆಲ್ಲ ಒಂದಿಷ್ಟು ಕರೆಂಟು ಸೋರುತ್ತಲೇ ಇರುತ್ತದೆ. ಚಾರ್ಜರಿನಲ್ಲಂತೂ ರೇಡಿಯೋ ಗದ್ದಲ ಅಡಗಿಸಲು ಇಟ್ಟ ಪುಟ್ಟ ಕೆಪಾಸಿಟರುಗಳೇ ಅದನ್ನು ಅರ್ಥಿಂಗ್ ತಂತಿಗೆ ಇಳಿಸುತ್ತವೆ. ಅರ್ಥಿಂಗ್ ಸರಿಯಿದ್ದರೆ ಅದು ತೆಪ್ಪಗೆ ನೆಲ ಸೇರುತ್ತದೆ. ನೆಲದ ದಾರಿಯೇ ತುಂಡಾಗಿದ್ದರೆ? ಇಡೀ ಮನೆಯ ಸೋರಿಕೆಯೆಲ್ಲ ಆ ಒಂದೇ ತಂತಿಯಲ್ಲಿ ಸೇರಿ, ಸಿಕ್ಕ ಸಿಕ್ಕ ಲೋಹದಲ್ಲಿ ಏರಿ ಕೂರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಅದು ಜುಂ. ನಮ್ಮ ಸಂಗೀತದಲ್ಲಿ ಅದು ಗುಂಯ್.

ಪೇಟೆಯಿಂದ ವೈರಿಂಗ್ ಕೆಲಸದವರು ಬಂದರು. ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು, ಫೇಸಿಗೂ ನ್ಯೂಟ್ರಲಿಗೂ ಹಿಡಿದರು: ಧಗಧಗ ಉರಿಯಿತು. ಫೇಸಿಗೂ ಅರ್ಥಿಂಗಿಗೂ ಹಿಡಿದರು: ಕತ್ತಲೆ. (ಇದನ್ನು ನೀವು ಮಾಡಲು ಹೋಗಬೇಡಿ, ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.) ಬಚ್ಚಲಿನ ಹಿಂದೆ ಅರ್ಥಿಂಗ್ ಗುಂಡಿ ತೋಡಿದರೆ, ಪೈಪಿಗೆ ತಂತಿ ಕೂಡುವ ಕ್ಲ್ಯಾಂಪು ತುಕ್ಕು ತಿಂದು ಉದುರಿಹೋಗಿತ್ತು. ಸುತ್ತ ಜಂಬಿಟ್ಟಿಗೆ ಮಣ್ಣು ಬಿಸ್ಕತ್ತಿನ ಹಾಗೆ ಒಣಗಿತ್ತು. ಇದ್ದಲು, ಉಪ್ಪು, ಹೊಸ ತಂತಿ, ಹೊಸ ಕ್ಲ್ಯಾಂಪು, ಮೇಲೆ ನಾಲ್ಕು ಕೊಡ ನೀರು. ಅವರ ಮಾತಿನಂತೆ ಮೀಟರ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿ ಕೂಡ ಹಾಕಿಸಿದೆವು. ಮೈಯಲ್ಲಿ ಕರೆಂಟು ಹರಿಯಲು ಹೊರಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಬೀಳಿಸುವ ಸ್ವಿಚ್ಚು ಅದು. ಮಾವ ಖರ್ಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಫ್ರಿಜ್ಜಿನ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಬಾಗಿಲು ಮುಟ್ಟಿ ನೋಡಿದರು. ಮತ್ತೊಮ್ಮೆ ಮುಟ್ಟಿದರು. ಆಮೇಲೆ ಅತ್ತೆಯ ಕಡೆ ತಿರುಗಿ, “ಎರಡು ವರ್ಷ ನಂಗೆ ಹೇಳ್ಲಿಲ್ಲನಾ?” ಅಂದರು. ಅತ್ತೆ, “ಹೇಳಿದ್ದೆ. ನೀವು ತೋಟಕ್ಕೆ ಹೊರಟಿದ್ರಿ” ಅಂದರು.

ಭಾನುವಾರ ಮಧ್ಯಾಹ್ನ ಸಿಂಥಸೈಸರು, ಇಂಟರ್‌ಫೇಸು, ಲ್ಯಾಪ್‌ಟಾಪು ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆವು. ಬೇರೆ ಬೇರೆ ಗೋಡೆಯ ಪ್ಲಗ್ಗುಗಳಿಗಿಂತ ಹೀಗೆ ಒಂದೇ ಕಡೆ ಇದ್ದರೆ ಬಳೆ ಚಿಕ್ಕದಾಗುತ್ತದೆ. ಗುಂಯ್ ಇಲ್ಲ. ಉಳಿದದ್ದು ಮಳೆ ದೂರದಲ್ಲಿ ಬಂದ ಹಾಗೆ ‘ಸ್ಸ್’ ಅನ್ನುವ ಒಂದು ಸದ್ದು. ಅದು ಸುಲಭದ ರೋಗ. ಸಿಂಥಸೈಸರಿನ ವಾಲ್ಯೂಮ್ ಕಾಲು ಭಾಗಕ್ಕೆ ಇಟ್ಟು, ಇಂಟರ್‌ಫೇಸಿನ ಗೇನ್ ಪೂರ್ತಿ ತಿರುಗಿಸಿದ್ದ. ಪಿಸುಮಾತನ್ನು ಹಿಗ್ಗಿಸಿದರೆ ಉಸಿರಾಟವೂ ಹಿಗ್ಗುತ್ತದೆ ತಾನೆ? ವಾದ್ಯವನ್ನು ಮುಕ್ಕಾಲಿಗೆ ಏರಿಸಿ, ಇಂಟರ್‌ಫೇಸನ್ನು ‘ಲೈನ್’ಗೆ ಹಾಕಿ, ಗೇನ್ ಇಳಿಸಿದೆವು. ಮೀಟರು ಮೇಲೆ ಹನ್ನೆರಡು ಡೆಸಿಬಲ್ ಜಾಗ ಬಿಟ್ಟು ಕುಣಿಯಿತು.

ಹುಡುಗ ರಾತ್ರಿ ಎರಡೂವರೆಯವರೆಗೆ ನುಡಿಸಿದ. ನಡುವೆ ಒಮ್ಮೆ ಕರೆಂಟು ಹೋಯಿತು, ಇನ್‌ವರ್ಟರಿನಲ್ಲಿ ಗುಂಯ್ ‘ಜರ್ರ್’ ಆಗಿ ಬಂತು. ಅಗ್ಗದ ಇನ್‌ವರ್ಟರಿನ ಅಲೆ ದುಂಡಗಿರುವುದಿಲ್ಲ, ಚೌಕ. ಅದಕ್ಕೆ ಮದ್ದಿಲ್ಲ, ಕರೆಂಟು ಬರುವವರೆಗೆ ಜಗಲಿಯಲ್ಲಿ ಕೂತು ಹರಟಿದೆವು. ಬೆಳಗ್ಗೆ ಮನೆಯ ಹಿಂದಿನ ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಹಲಸಿನ ಮರದ ಕೆಳಗೆ ನಿಂತು ಫೈಲು ಕಳಿಸಿದ. ಹನ್ನೊಂದು ಗಂಟೆಗೆ ನಿರ್ದೇಶಕರ ಫೋನು: ಸದ್ದು ಹೋಗಿದೆ, ಆದರೆ ಎರಡನೇ ದೃಶ್ಯದಲ್ಲಿ ವಯಲಿನ್ ಸ್ವಲ್ಪ ಅತಿಯಾಯಿತು, ಕಡಿಮೆ ಮಾಡಿ. ಹುಡುಗನ ಮುಖ ನೋಡಬೇಕಿತ್ತು... ಸಂಗೀತ ನಿರ್ದೇಶಕನಿಗೆ ಸಿಗುವ ಬೈಗುಳ ಸಿಕ್ಕಿತ್ತು ಅವನಿಗೆ!

ಸಂಭಾವನೆ ಐದು ಸಾವಿರ ಬಂತು. ವೈರಿಂಗಿನ ಬಿಲ್ಲಿಗೆ ಅದು ಸಾಲಲಿಲ್ಲ, ಉಳಿದದ್ದನ್ನು ಮಾವ ಹಾಕಿದರು. ಎರಡನೆಯ ಚಿತ್ರ ಇನ್ನೂ ಸಿಕ್ಕಿಲ್ಲ. ಸಿಂಥಸೈಸರ್ ಮಾರುವ ಮಾತನ್ನು ಮಾವ ಮತ್ತೆ ಎತ್ತಿಲ್ಲ, ಅಡಿಕೆ ಸುಲಿಯುವ ಮಿಷನ್ನಿನ ಮಾತು ಮಾತ್ರ ನಿಂತಿಲ್ಲ. ಬೇಸಿಗೆ ಕಳೆಯುವವರೆಗೆ ಪ್ರತಿ ಶನಿವಾರ ಬಚ್ಚಲಿನ ಹಿಂದೆ ಹೋಗಿ ಆ ಗುಂಡಿಗೆ ಅವರೇ ಎರಡು ಕೊಡ ನೀರು ಹೊಯ್ದು ಬಂದರಂತೆ.